ಪೊರೆಯೊಳಗಿನ ಗುರುತು: ಸ್ಪಿನ್ ಲೇಬಲ್ ವಿಧಾನ ಮತ್ತು ಚಿತ್ರದುರ್ಗ ಸೀಮೆಯ ಜಾನಪದ ಕ್ಷೇತ್ರಕಾರ್ಯ

1. ಪ್ರಸ್ತಾವನೆ

ಜಾನಪದ ಅಧ್ಯಯನವು ವಿಜ್ಞಾನವೇ ಎಂಬ ಪ್ರಶ್ನೆ ಕನ್ನಡದಲ್ಲಿ ಹೊಸದಲ್ಲ. ವಿಶ್ವವಿದ್ಯಾಲಯಗಳಲ್ಲಿ ಜಾನಪದವು ಒಂದು ಸ್ವತಂತ್ರ ಶಿಸ್ತಾಗಿ ನೆಲೆಗೊಂಡ ದಿನದಿಂದಲೂ 'ವೈಜ್ಞಾನಿಕ ಸಂಗ್ರಹ', 'ವಸ್ತುನಿಷ್ಠ ದಾಖಲೆ' ಎಂಬ ಮಾತುಗಳು ಸಂಗ್ರಹ ಗ್ರಂಥಗಳ ಮುನ್ನುಡಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಈ ಮಾತುಗಳ ಹಿಂದಿರುವ ಅರ್ಥವನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಮೂರು ಸಂಗತಿಗಳು ದೊರೆಯುತ್ತವೆ. ಹಾಡಿದ್ದನ್ನು ಧ್ವನಿಮುದ್ರಿಸಿಕೊಳ್ಳಲಾಗಿದೆ; ವಕ್ತೃವಿನ ಮಾತನ್ನು ತಿದ್ದಿಲ್ಲ; ಸಂಗ್ರಾಹಕನು ನಡುವೆ ಬಂದಿಲ್ಲ. ಮೊದಲ ಎರಡು ಸಂಗತಿಗಳನ್ನು ಪರಿಶೀಲಿಸುವುದು ಸುಲಭ. ಮೂರನೆಯದು ಮಾತ್ರ ಒಂದು ನಂಬಿಕೆ. ಒಳ್ಳೆಯ ಸಂಗ್ರಾಹಕನೆಂದರೆ ಕಾಣದಿರುವವನು, ಅವನ ಇರವಿನಿಂದ ಹಾಡಿಗಾಗಲೀ ಹಾಡುವವರಿಗಾಗಲೀ ಏನೂ ಆಗಿಲ್ಲ ಎಂಬುದು ಆ ನಂಬಿಕೆಯ ತಿರುಳು.

ಯಾವ ಪ್ರಯೋಗಾಲಯ ವಿಜ್ಞಾನವನ್ನು ಮಾದರಿಯೆಂದು ಇಟ್ಟುಕೊಂಡು ಈ ಮಾತನ್ನು ಆಡಲಾಗುತ್ತಿದೆಯೋ ಆ ವಿಜ್ಞಾನವಾದರೂ ಹೀಗೆ ನಂಬುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಅಗತ್ಯ. ಅದಕ್ಕಾಗಿ ಪ್ರಸ್ತುತ ಲೇಖನವು ಒಂದು ನಿರ್ದಿಷ್ಟ ವಿಧಾನವನ್ನು ಆರಿಸಿಕೊಂಡಿದೆ. ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾಗಳ ಪೊರೆಯನ್ನೂ ಅಲ್ಲಿ ನಡೆಯುವ ಎಲೆಕ್ಟ್ರಾನ್ ವಿನಿಮಯವನ್ನೂ ತಿಳಿಯಲು ಬಳಸಲಾದ ಸ್ಪಿನ್ ಲೇಬಲ್ ವಿಧಾನವೇ ಅದು. ಈ ವಿಧಾನದ ತರ್ಕವನ್ನು ಮೊದಲು ವಿವರಿಸಿ, ಅನಂತರ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ನಡೆಯುವ ಕ್ಷೇತ್ರಕಾರ್ಯದೊಂದಿಗೆ ಅದನ್ನು ಮುಖಾಮುಖಿಯಾಗಿಸಲಾಗಿದೆ. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ನೆಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ತಲೆಯೆತ್ತಿದೆ. ದನಗಾಹಿಗಳ ಹುಲ್ಲುಗಾವಲೂ ಪ್ರಯೋಗಾಲಯವೂ ಒಂದೇ ಸೀಮೆಯಲ್ಲಿರುವಾಗ ಎರಡು ಶಿಸ್ತುಗಳು ಪರಸ್ಪರ ಮಾತನಾಡದೆ ಉಳಿಯಲು ಕಾರಣವಿಲ್ಲ.

2. ವಿಧಾನದ ಸ್ವರೂಪ

ಎಲೆಕ್ಟ್ರಾನು ತನ್ನ ಗಿರಕಿಯ ಗುಣದಿಂದಾಗಿ ಒಂದು ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಬಹುತೇಕ ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿದ್ದು ಒಂದರ ಗುಣವನ್ನು ಇನ್ನೊಂದು ಅಳಿಸಿಬಿಡುತ್ತದೆ. ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ವಸ್ತುವನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸೂಕ್ಷ್ಮತರಂಗವನ್ನು ಹಾಯಿಸಿದಾಗ, ತಕ್ಕ ಹೊಂದಾಣಿಕೆಯಲ್ಲಿ ಆ ಎಲೆಕ್ಟ್ರಾನು ಶಕ್ತಿಯನ್ನು ಹೀರಿ ತನ್ನ ದಿಕ್ಕನ್ನು ಬದಲಿಸುತ್ತದೆ. ಈ ವಿದ್ಯಮಾನವನ್ನು 1944ರಲ್ಲಿ ಕಜಾನಿನಲ್ಲಿ ಯೆವ್ಗೆನಿ ಜಾವೊಯ್ಸ್ಕಿ ಗುರುತಿಸಿದರು. ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ಅನುರಣನ ಎಂದು ಇದಕ್ಕೆ ಹೆಸರು. ಸಾಮಾನ್ಯ ಬಳಕೆಯ ಉಪಕರಣದಲ್ಲಿ ತರಂಗದ ಆವರ್ತನ ಸೆಕೆಂಡಿಗೆ ಸುಮಾರು 950 ಕೋಟಿ ಕಂಪನ. ಕಾಂತಕ್ಷೇತ್ರ ಸುಮಾರು 3,400 ಗಾಸ್.

ಜೀವಕೋಶದ ಪೊರೆಯ ಬಹುಪಾಲು ಕೊಬ್ಬಿನ ಅಣುಗಳಿಂದಾದದ್ದು. ಅವುಗಳ ಎಲೆಕ್ಟ್ರಾನುಗಳು ಜೋಡಿಯಾಗಿರುವುದರಿಂದ ಅವು ಈ ಉಪಕರಣಕ್ಕೆ ಮೂಕ. 1965ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನ ಹಾರ್ಡನ್ ಮ್ಯಾಕ್‌ಕಾನೆಲ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಕಂಡುಕೊಂಡರು. ನೈಟ್ರೊಜನ್ ಮತ್ತು ಆಮ್ಲಜನಕದ ಬಂಧದ ಮೇಲೆ ಒಂಟಿ ಎಲೆಕ್ಟ್ರಾನನ್ನು ಹೊತ್ತ, ಅಕ್ಕಪಕ್ಕದ ಮೀಥೈಲ್ ಗುಂಪುಗಳ ಕಾವಲಿನಿಂದಾಗಿ ಸ್ಥಿರವಾಗಿ ಉಳಿಯಬಲ್ಲ ನೈಟ್ರಾಕ್ಸೈಡ್ ಎಂಬ ತುಣುಕನ್ನು ಜೈವಿಕ ಅಣುವಿಗೆ ಅಂಟಿಸಿ, ಆ ತುಣುಕು ಕೊಡುವ ಸಂಕೇತವನ್ನು ಓದುವುದೇ ಆ ಉಪಾಯ. ಈ ಅಂಟಿಸಿದ ಗುರುತೇ ಸ್ಪಿನ್ ಲೇಬಲ್. ನೈಟ್ರೊಜನ್ ಬೀಜದ ಪ್ರಭಾವದಿಂದ ಅದರ ಸಂಕೇತ ಮೂರು ಗೆರೆಗಳಾಗಿ ಒಡೆಯುತ್ತದೆ. ಗುರುತು ಸಡಿಲವಾಗಿ, ವೇಗವಾಗಿ ತಿರುಗುತ್ತಿದ್ದರೆ ಮೂರು ಗೆರೆಗಳೂ ಚೂಪಾಗಿ ಕಾಣುತ್ತವೆ. ಅದು ಬಿಗಿಯಾದ ಪರಿಸರದಲ್ಲಿ ಸಿಕ್ಕಿಕೊಂಡಿದ್ದರೆ ಗೆರೆಗಳು ಅಗಲವಾಗಿ ವಕ್ರವಾಗುತ್ತವೆ. ಗೆರೆಗಳ ಆಕಾರದಿಂದ ಸುತ್ತಣ ಪರಿಸರದ ಬಿಗಿಯನ್ನು ಲೆಕ್ಕಹಾಕಲು ಸಾಧ್ಯ.

ಇಲ್ಲಿ ಮೊದಲ ಪಾಠ ದೊರೆಯುತ್ತದೆ. ಗುರುತು ಇಡೀ ಪೊರೆಯ ವಿಷಯವನ್ನು ಹೇಳುವುದಿಲ್ಲ. ತಾನು ಕುಳಿತ ಜಾಗದ ವಿಷಯವನ್ನು ಹೇಳುತ್ತದೆ. 18 ಇಂಗಾಲಗಳ ಸ್ಟಿಯರಿಕ್ ಆಮ್ಲದ ಸರಪಳಿಯಲ್ಲಿ 5ನೆಯ ಇಂಗಾಲಕ್ಕೆ ಗುರುತನ್ನು ಕಟ್ಟಿದರೆ ಅದು ಪೊರೆಯ ಮೇಲ್ಮೈ ಸಮೀಪದಲ್ಲಿದ್ದು 'ಇಲ್ಲಿ ಬಿಗಿಯಿದೆ' ಎನ್ನುತ್ತದೆ. ಅದೇ ಗುರುತನ್ನು 16ನೆಯ ಇಂಗಾಲಕ್ಕೆ ಕಟ್ಟಿದರೆ ಪೊರೆಯ ನಡುವಿಗೆ ಇಳಿದು 'ಇಲ್ಲಿ ಸಡಿಲವಿದೆ' ಎನ್ನುತ್ತದೆ. ಎರಡು ವರದಿಗಳೂ ನಿಜ. ಎರಡೂ ಒಂದೇ ಪೊರೆಗೆ ಸಂಬಂಧಿಸಿದವು. ಈ ಕಾರಣದಿಂದ ಗುರುತು ಎಷ್ಟನೆಯ ಇಂಗಾಲದ ಮೇಲಿತ್ತು ಎಂಬುದನ್ನು ಹೇಳದ ಫಲಿತಾಂಶಕ್ಕೆ ಈ ಕ್ಷೇತ್ರದಲ್ಲಿ ಬೆಲೆಯಿಲ್ಲ. ವೇಯ್ನ್ ಹಬೆಲ್ ಮತ್ತು ಮ್ಯಾಕ್‌ಕಾನೆಲ್ ಅವರು 1971ರ ಹೊತ್ತಿಗೆ ತೋರಿಸಿಕೊಟ್ಟ ಪೊರೆಯ ಸಡಿಲತೆಯ ಇಳಿಜಾರು, ಹೀಗೆ ಬೇರೆ ಬೇರೆ ನೆಲೆಗಳ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ದೊರೆತ ತಿಳಿವು.

3. ಬ್ಯಾಕ್ಟೀರಿಯಾದ ಪೊರೆ

ನೇರಳೆ ಬಣ್ಣದ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾಗಳು ಬೆಳಕು ತಲುಪುವ, ಆಮ್ಲಜನಕ ವಿರಳವಾದ ನಿಂತ ನೀರಿನಲ್ಲೂ ಕೆಸರಿನಲ್ಲೂ ಬದುಕುತ್ತವೆ. ಹಸಿರು ಗಿಡಗಳಂತೆ ಇವು ಆಮ್ಲಜನಕವನ್ನು ಹೊರಬಿಡುವುದಿಲ್ಲ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಾದ ರೋಡೊಬ್ಯಾಕ್ಟರ್ ಸ್ಫೀರಾಯ್ಡಿಸ್ ಎಂಬ ಜೀವಿಯನ್ನು 1984ರವರೆಗೆ ರೋಡೊಸ್ಯೂಡೊಮೊನಾಸ್ ಎಂಬ ಕುಲನಾಮದಿಂದ ಕರೆಯಲಾಗುತ್ತಿತ್ತು. ಅದು ಬೆಳಕಿದ್ದಾಗ ದ್ಯುತಿಸಂಶ್ಲೇಷಣೆಯಿಂದಲೂ, ಕತ್ತಲಲ್ಲಿ ಗಾಳಿ ಸಿಕ್ಕಾಗ ಉಸಿರಾಟದಿಂದಲೂ ಬದುಕಬಲ್ಲದು. ಎರಡು ಬದುಕುಗಳಿಗೂ ಪೊರೆ ಒಂದೇ. ಎಲೆಕ್ಟ್ರಾನು ಸಾಗಿಸುವ ಕ್ವಿನೋನ್ ಅಣುಗಳ ಸಂಗ್ರಹವೂ ಎರಡಕ್ಕೂ ಸಾಮಾನ್ಯ. ಬೆಳಕು ಬಿದ್ದಾಗ ಪೊರೆಯಲ್ಲಿನ ಪ್ರತಿಕ್ರಿಯಾ ಕೇಂದ್ರದ ಬ್ಯಾಕ್ಟೀರಿಯೋಕ್ಲೋರೊಫಿಲ್ ಜೋಡಿಯೊಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಅದು ಕ್ವಿನೋನ್ ಮತ್ತು ಸೈಟೊಕ್ರೋಮುಗಳ ಮೂಲಕ ಸುತ್ತಿ ಮತ್ತೆ ಅದೇ ಜೋಡಿಗೆ ಮರಳುತ್ತದೆ. ಇಂಥದೇ ಇನ್ನೊಂದು ನೇರಳೆ ಬ್ಯಾಕ್ಟೀರಿಯಾದ ಪ್ರತಿಕ್ರಿಯಾ ಕೇಂದ್ರದ ರಚನೆಯನ್ನು ಬಿಡಿಸಿದ್ದಕ್ಕಾಗಿ ಡೀಸೆನ್‌ಹೋಫರ್, ಹ್ಯೂಬರ್ ಮತ್ತು ಮಿಷೆಲ್ ಅವರಿಗೆ 1988ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಈ ಪೊರೆಯ ಎರಡು ವಿಶೇಷಗಳು ಮುಂದಿನ ಚರ್ಚೆಗೆ ಅಗತ್ಯ. ಒಂದನೆಯದು, ಅದನ್ನು ಹೊರತೆಗೆಯುವ ರೀತಿ. ಬೆಳಕಿನಲ್ಲಿ ಬೆಳೆದ ಕೋಶದ ಪೊರೆ ಒಳಕ್ಕೆ ಮಡಚಿಕೊಂಡಿರುತ್ತದೆ. ಕೋಶವನ್ನು ಒಡೆದಾಗ ಈ ಮಡಿಕೆಗಳು ಕಿತ್ತುಬಂದು ಕ್ರೊಮ್ಯಾಟೊಫೋರ್ ಎಂಬ ಸಣ್ಣ ಚೀಲಗಳಾಗಿ ಮುಚ್ಚಿಕೊಳ್ಳುತ್ತವೆ. ಆದರೆ ಹಾಗೆ ಮುಚ್ಚಿಕೊಂಡಾಗ ಅವು ಒಳಹೊರಗಾಗಿರುತ್ತವೆ. ಕೋಶದಲ್ಲಿ ಒಳಮುಖವಾಗಿದ್ದ ಮೈ ಚೀಲದ ಹೊರಮೈಯಾಗುತ್ತದೆ. ಈ ತಿರುವನ್ನು ನೆನಪಿಡದೆ ಫಲಿತಾಂಶವನ್ನು ಓದಿದರೆ ದಿಕ್ಕುಗಳೆಲ್ಲ ತಪ್ಪುತ್ತವೆ.

ಎರಡನೆಯದು, ಈ ಪೊರೆ ತನ್ನದೇ ಸೂಚಕವನ್ನು ಹೊಂದಿರುವುದು. ಅದರಲ್ಲಿರುವ ಕೆರೋಟಿನಾಯ್ಡ್ ವರ್ಣದ್ರವ್ಯವು ಪೊರೆಯ ಆಚೀಚೆಗಿನ ವಿದ್ಯುತ್ ವ್ಯತ್ಯಾಸಕ್ಕೆ ತಕ್ಕಂತೆ ತಾನು ಹೀರುವ ಬೆಳಕನ್ನು ತುಸು ಸರಿಸಿಕೊಳ್ಳುತ್ತದೆ. ಜ್ಯಾಕ್ಸನ್ ಮತ್ತು ಕ್ರಾಫ್ಟ್ಸ್ 1969ರಲ್ಲಿ ಇದನ್ನು ಅಳತೆಗೋಲಾಗಿ ಬಳಸಬಹುದೆಂದು ತೋರಿಸಿದರು. ಹೊರಗಿನಿಂದ ಸೇರಿಸಿದ ಗುರುತು ಏನು ಹೇಳುತ್ತದೆ ಎಂಬುದನ್ನು ಪೊರೆಯೇ ತನ್ನ ಬಣ್ಣದಲ್ಲಿ ಹೇಳುವ ಮಾತಿನೊಂದಿಗೆ ಹೋಲಿಸಿ ನೋಡುವ ಅವಕಾಶ ಇದರಿಂದ ದೊರೆಯಿತು.

4. ಸಂಕೇತ ಕುಂದುವುದರ ಅರ್ಥ

ಸ್ಪಿನ್ ಲೇಬಲ್ ಜಡವಾದ ಸಾಕ್ಷಿಯಲ್ಲ. ಅದು ಕುಳಿತಿರುವ ಪೊರೆಯಲ್ಲಿ ಎಲೆಕ್ಟ್ರಾನುಗಳು ಸದಾ ಕೈಬದಲಾಗುತ್ತಿರುತ್ತವೆ. ನೈಟ್ರಾಕ್ಸೈಡಿಗೆ ಒಂದು ಎಲೆಕ್ಟ್ರಾನು ದೊರೆತರೆ ಅದು ಅಪಕರ್ಷಣಗೊಂಡು ಹೈಡ್ರಾಕ್ಸಿಲಮೈನ್ ಆಗುತ್ತದೆ. ಒಂಟಿ ಎಲೆಕ್ಟ್ರಾನಿಗೆ ಜೋಡಿ ಸಿಕ್ಕು ಸಂಕೇತ ನಿಲ್ಲುತ್ತದೆ. ಪೊರೆಯನ್ನು ಅಳೆಯಲು ಹೋದ ಗುರುತನ್ನು ಪೊರೆಯೇ ಮೂಕವಾಗಿಸುತ್ತದೆ. ಪೊರೆಯ ಬಿಗಿಯನ್ನಷ್ಟೇ ಅಳೆಯಬೇಕೆಂದವರಿಗೆ ಇದೊಂದು ತೊಡಕು. ಆದರೆ ಸಂಕೇತವು ಯಾವ ವೇಗದಲ್ಲಿ ಕುಂದುತ್ತದೆ, ಬೆಳಕಿನಲ್ಲಿ ಹೇಗೆ, ಕತ್ತಲಲ್ಲಿ ಹೇಗೆ, ಗಾಳಿಯಿದ್ದಾಗ ಹೇಗೆ ಎಂಬುದನ್ನು ಅಳೆದಾಗ ಆ ತೊಡಕೇ ಪೊರೆಯ ಉತ್ಕರ್ಷಣ-ಅಪಕರ್ಷಣ ಚಟುವಟಿಕೆಯ ಮಾಹಿತಿಯಾಗುತ್ತದೆ.

ಸಂಕೇತ ಕುಂದಲು ಕಾರಣ ಒಂದೇ ಆಗಿರಬೇಕಿಲ್ಲ. ಗುರುತು ಅಪಕರ್ಷಣಗೊಂಡಿರಬಹುದು. ಕರಗಿದ ಆಮ್ಲಜನಕವು ಗೆರೆಗಳನ್ನು ಅಗಲಿಸಿ ತಗ್ಗಿಸಿರಬಹುದು. ಗುರುತುಗಳು ಮಿತಿಮೀರಿ ಒಂದರ ಪಕ್ಕ ಒಂದು ನೆರೆದು ಪರಸ್ಪರ ಮಸುಕಾಗಿಸಿರಬಹುದು. ಪ್ರತಿಯೊಂದಕ್ಕೂ ಬೇರೆ ಪರೀಕ್ಷೆಯಿದೆ. ಫೆರಿಸಯನೈಡ್ ಸೇರಿಸಿದಾಗ ಸಂಕೇತ ಮರಳಿದರೆ ಗುರುತು ನಾಶವಾಗಿರಲಿಲ್ಲ, ಮೌನವಾಗಿತ್ತಷ್ಟೆ ಎಂದು ತಿಳಿಯುತ್ತದೆ. ನೈಟ್ರೊಜನ್ ಅನಿಲವನ್ನು ಹಾಯಿಸಿದಾಗ ಗೆರೆಗಳು ಚೂಪಾದರೆ ಆಮ್ಲಜನಕ ಕಾರಣವೆಂದಾಗುತ್ತದೆ. ಗುರುತಿನ ಪ್ರಮಾಣವನ್ನು ತಗ್ಗಿಸಿದಾಗ ಸ್ಪಷ್ಟತೆ ಬಂದರೆ ದಟ್ಟಣೆಯೇ ಕಾರಣ.

ರೋಜರ್ ಕಾರ್ನ್‌ಬರ್ಗ್ ಮತ್ತು ಮ್ಯಾಕ್‌ಕಾನೆಲ್ 1971ರಲ್ಲಿ ನಡೆಸಿದ ಪ್ರಯೋಗ ಈ ತರ್ಕದ ಉತ್ತಮ ನಿದರ್ಶನ. ಕೊಬ್ಬಿನ ಪುಟ್ಟ ಚೀಲಗಳ ಎರಡೂ ಪದರಗಳಲ್ಲಿ ಗುರುತುಗಳಿದ್ದವು. ಹೊರಗಿನಿಂದ ಆಸ್ಕಾರ್ಬೇಟನ್ನು, ಎಂದರೆ ನೆಲ್ಲಿಕಾಯಿಯಲ್ಲಿ ಹೇರಳವಾಗಿರುವ ಸಿ ಜೀವಸತ್ವದ ಲವಣವನ್ನು ಸೇರಿಸಿದಾಗ, ಅದು ತಲುಪಬಲ್ಲ ಹೊರಪದರದ ಗುರುತುಗಳು ಮಾತ್ರ ಮೌನವಾದವು. ಒಳಪದರದವು ಸಂಕೇತ ಕೊಡುತ್ತಲೇ ಇದ್ದವು. ಅನಂತರ ಒಳಗಿನ ಅಣುಗಳು ಹೊರಪದರಕ್ಕೆ ಎಷ್ಟು ನಿಧಾನವಾಗಿ ಬರುತ್ತವೆ ಎಂಬುದನ್ನು ಗಂಟೆಗಳ ಅವಧಿಯಲ್ಲಿ ಅಳೆಯಲಾಯಿತು. ಒಂದೇ ಪದರದಲ್ಲಿ ಅಕ್ಕಪಕ್ಕಕ್ಕೆ ಸರಿಯುವುದು ಸುಲಭ, ಒಂದು ಪದರದಿಂದ ಇನ್ನೊಂದಕ್ಕೆ ದಾಟುವುದು ಬಹಳ ಕಷ್ಟ ಎಂಬುದು ಈ ಬಗೆಯ ಅಧ್ಯಯನಗಳಿಂದ ಸ್ಥಿರಪಟ್ಟಿತು.

ಸಂಗ್ರಹವಾಗಿ ಹೇಳುವುದಾದರೆ, ಈ ವಿಧಾನದ ಪ್ರಾಮಾಣಿಕತೆ ಮೂರು ದಾಖಲೆಗಳನ್ನು ಅವಲಂಬಿಸಿದೆ: ಗುರುತು ಎಲ್ಲಿ ಕುಳಿತಿತ್ತು, ಅದರ ಇರವಿನಿಂದ ಪೊರೆಗೆ ಏನಾಯಿತು, ಸಂಕೇತ ಎಲ್ಲಿ ಮತ್ತು ಏಕೆ ಕುಂದಿತು. ಗುರುತು ಕಾಣದಂತೆ ಇತ್ತು ಎಂದು ಯಾವ ಸಂಶೋಧಕನೂ ಹೇಳಿಕೊಳ್ಳುವುದಿಲ್ಲ.

5. ಹಟ್ಟಿ ಮತ್ತು ಸಂಗ್ರಹದ ನೆಲೆ

ಈ ಮೂರು ದಾಖಲೆಗಳನ್ನು ಮುಂದಿಟ್ಟುಕೊಂಡು ಚಿತ್ರದುರ್ಗ ಸೀಮೆಯ ಜಾನಪದ ಸಂಗ್ರಹವನ್ನು ನೋಡಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿಯೂ ನೆರೆಯ ಚಳ್ಳಕೆರೆ, ಶಿರಾ ಭಾಗಗಳಲ್ಲಿಯೂ ಕಾಡುಗೊಲ್ಲರ ಹಟ್ಟಿಗಳು ಹರಡಿವೆ. ಹಟ್ಟಿಯು ಊರಿನಿಂದ ದೂರವಿದ್ದು, ಸಾಂಪ್ರದಾಯಿಕವಾಗಿ ಕಳ್ಳೆಬೇಲಿಯಿಂದ ಸುತ್ತುವರಿದದ್ದು. ಬೇಲಿಯೊಳಗೆ ದೇವರ ಗುಡಿಯಿರುತ್ತದೆ. ಗುಡಿಕಟ್ಟು, ಬೆಡಗುಗಳ ವ್ಯವಸ್ಥೆಯಿರುತ್ತದೆ. ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳು ಇಲ್ಲಿ ಹುಟ್ಟಿ ಬೆಳೆದವು. ಗಣೆಯನ್ನು ನುಡಿಸುತ್ತ ಜುಂಜಪ್ಪನ ಕಥೆಯನ್ನು ಹಾಡುವ ಪರಂಪರೆ ಕನ್ನಡ ಜಾನಪದದ ಮುಖ್ಯ ಸಂಪತ್ತುಗಳಲ್ಲಿ ಒಂದು.

ಹಟ್ಟಿಯ ಬೇಲಿಯು ಪೊರೆಯಂತೆಯೇ ಆಯ್ದು ಬಿಡುವ ಗಡಿ. ಅದು ಎಲ್ಲರನ್ನೂ ತಡೆಯುವುದಿಲ್ಲ, ಎಲ್ಲರನ್ನೂ ಬಿಡುವುದೂ ಇಲ್ಲ. ಮುಟ್ಟಾದ ಹೆಣ್ಣು ಮತ್ತು ಬಾಣಂತಿ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಬೇಕೆಂಬ ಕಟ್ಟಳೆಯನ್ನು ವಸಾಹತು ಕಾಲದ ಬರಹಗಳು ದಾಖಲಿಸಿವೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಇದರ ಉಲ್ಲೇಖವಿದೆ. ಮುಟ್ಟಿನ ಮೈಲಿಗೆ ಒಂದು ಸಮುದಾಯಕ್ಕೆ ಸೀಮಿತವಾದದ್ದಲ್ಲ; ಮೇಲೆನಿಸಿಕೊಂಡ ಜಾತಿಗಳ ಮನೆಗಳಲ್ಲಿ ಅದು ಗೋಡೆಯೊಳಗೆ ನಡೆಯುತ್ತ ಬಂದಿದೆ. ಹಟ್ಟಿಯಲ್ಲಿ ಅದು ಬಯಲಿಗೆ ಕಾಣುತ್ತದೆ ಎಂಬುದೇ ವ್ಯತ್ಯಾಸ.

ಇಂತಹ ಹಟ್ಟಿಗೆ ಬರುವ ಸಂಗ್ರಾಹಕನು ಎಲ್ಲಿ ಕುಳಿತುಕೊಳ್ಳುತ್ತಾನೆ? ಸಾಮಾನ್ಯವಾಗಿ ಗುಡಿಯ ಮುಂದೆ. ಅವನನ್ನು ಎದುರುಗೊಳ್ಳುವವರು ಪೂಜಾರಿ, ಗೌಡ ಮತ್ತು ಹಿರಿಯರು. ಸಂಗ್ರಾಹಕನು ಪುರುಷನಾಗಿದ್ದರೆ ಈ ನೆಲೆಯಿಂದ ಆಚೆ ಸರಿಯುವುದು ಅವನಿಗೆ ಸುಲಭವಲ್ಲ. ಆ ನೆಲೆಯಲ್ಲಿ ದೊರೆಯುವ ವರದಿ ಸುಳ್ಳಲ್ಲ. ಅದು 5ನೆಯ ಇಂಗಾಲದ ವರದಿ. ಮೇಲ್ಮೈಯ ಬಳಿ ಎಲ್ಲವೂ ಬಿಗಿಯಾಗಿ, ಕ್ರಮವಾಗಿ, ಕಟ್ಟಳೆಗೆ ಒಳಪಟ್ಟಂತೆ ಕಾಣುತ್ತದೆ. ಗ್ರಂಥದಲ್ಲಿ 'ಈ ಸಮುದಾಯದ ನಂಬಿಕೆ ಹೀಗಿದೆ' ಎಂಬ ಸಾಮಾನ್ಯ ವಾಕ್ಯವಾಗಿ ಆ ವರದಿ ಮೂಡಿದಾಗ ಒಂದು ನೆಲೆಯ ಮಾತು ಇಡೀ ಪೊರೆಯ ಮಾತಾಗಿಬಿಡುತ್ತದೆ.

ಪಠ್ಯದ ಮಟ್ಟದಲ್ಲಿಯೂ ಇದೇ ಸಮಸ್ಯೆಯಿದೆ. ರಾತ್ರಿಯಿಡೀ ಹಟ್ಟಿಯೊಳಗೆ ಹಟ್ಟಿಯವರಿಗಾಗಿ ಹಾಡಿದ ಕಥನವು ಅಚ್ಚಿನಲ್ಲಿ ಪುಸ್ತಕವಾಗಿ ಮುಚ್ಚಿಕೊಂಡಾಗ ಕ್ರೊಮ್ಯಾಟೊಫೋರಿನಂತೆ ಒಳಹೊರಗಾಗುತ್ತದೆ. ಒಳಗಿನವರಿಗೆ ಒಳಗಿನವರು ಹೇಳಿಕೊಂಡದ್ದು ಹೊರಗಿನವರ ಓದಿಗೆ ಹೊರಮೈಯಾಗುತ್ತದೆ. ಪಠ್ಯ, ಪದರಚನೆ, ಸಂದರ್ಭ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಅಲನ್ ಡಂಡಿಸ್ 1964ರಲ್ಲಿಯೇ ವಾದಿಸಿದ್ದರು. ಕನ್ನಡದ ವಿದ್ವಾಂಸರು ಆ ವಾದವನ್ನು ಅರಿಯದವರಲ್ಲ. ಆದರೂ ಅನೇಕ ಸಂಗ್ರಹಗಳಲ್ಲಿ ಸಂದರ್ಭವೆಂದರೆ ವಕ್ತೃವಿನ ಹೆಸರು, ವಯಸ್ಸು ಮತ್ತು ಊರಿನ ಅನುಬಂಧವಾಗಿ ಕುಗ್ಗಿದೆ. ಯಾರ ಎದುರು ಹಾಡಲಾಯಿತು, ಯಾರು ಎದ್ದು ಹೋದರು, ಯಾವ ಭಾಗವನ್ನು ಹಾಡಲು ಹಿಂಜರಿದರು ಎಂಬ ವಿವರಗಳು ಅಲ್ಲಿ ಸೇರುವುದು ಅಪರೂಪ.

ಕರ್ನಾಟಕದಲ್ಲಿಯೇ ಇದಕ್ಕೆ ಭಿನ್ನವಾದ ಮಾದರಿಯಿದೆ. ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಕೆ. ಚಿನ್ನಪ್ಪಗೌಡ, ಬಿ.ಎ. ವಿವೇಕ ರೈ ಮೊದಲಾದವರೊಂದಿಗೆ 1990ರಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾದಾಗ, ಪಠ್ಯವು ಹೇಗೆ ಪಠ್ಯವಾಯಿತು ಎಂಬುದನ್ನೇ ಚರ್ಚಿಸುವ ಪ್ರತ್ಯೇಕ ಸಂಪುಟವೊಂದು ಅದರ ಜೊತೆಗೆ ಹೊರಬಂದಿತು. ದಾಖಲಾತಿಯು ಒಂದು ವಿಶೇಷ ಪ್ರದರ್ಶನವಾಗಿತ್ತು ಎಂಬುದನ್ನು ಅಲ್ಲಿ ಮುಚ್ಚಿಡಲಾಗಿಲ್ಲ. ಗುರುತು ಕುಳಿತ ಜಾಗವನ್ನು ಹೇಳುವ ಶಿಸ್ತು ಇದೇ.

ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲ ಗಾಯಕಿ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದು ಇನ್ನೊಂದು ದಿಕ್ಕಿನಿಂದ ಮುಖ್ಯವಾದದ್ದು. ಸಮುದಾಯದ ಪರವಾಗಿ ಮಾತನಾಡುವ ಸಾಮಾನ್ಯ ವಕ್ತೃವಿನ ಬದಲು ಒಬ್ಬ ಹೆಣ್ಣುಮಗಳ ನೆನಪಿನ ಭಂಡಾರವೇ ಅಲ್ಲಿ ಕೇಂದ್ರವಾಯಿತು. ಹೆಣ್ಣಿನ ನೆಲೆಯಿಂದ ಹಟ್ಟಿ ಎಷ್ಟು ಬೇರೆಯಾಗಿ ಕೇಳಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

6. ಮೌನದ ಓದು

ಕ್ಷೇತ್ರಕಾರ್ಯದಲ್ಲಿ ಹಾಡು ನಿಂತುಹೋಗುವುದುಂಟು. 'ಮುಂದಿನದು ಬರುವುದಿಲ್ಲ', 'ಅದನ್ನು ಹಾಡುವುದಿಲ್ಲ', 'ಈಗ ಬೇಡ' ಎಂಬ ಮೂರು ಉತ್ತರಗಳು ಮೂರು ಬೇರೆ ಸಂಗತಿಗಳು. ಮೊದಲನೆಯದು ಮರೆವು, ಎರಡನೆಯದು ನಿಷೇಧ, ಮೂರನೆಯದು ಸಂದರ್ಭದ ಅಡ್ಡಿ. ಸಂಗ್ರಹದಲ್ಲಿ ಇವೆಲ್ಲವೂ 'ಅಪೂರ್ಣ' ಎಂಬ ಒಂದೇ ಪದದಡಿ ಸೇರಿಹೋಗುವುದುಂಟು. ಸಂಕೇತ ಏಕೆ ಕುಂದಿತೆಂದು ಕೇಳದೆ ಅದರ ಎತ್ತರವನ್ನಷ್ಟೇ ಗುರುತಿಸಿಕೊಂಡ ಪ್ರಯೋಗದಂತೆ ಇದು.

ಪ್ರಯೋಗಾಲಯದ ಮೂರು ಪರೀಕ್ಷೆಗಳಿಗೆ ಸಮಾನವಾದವು ಇಲ್ಲಿಯೂ ಸಾಧ್ಯ. ಗುಡಿಯ ಮುಂದೆ ನಿಂತುಹೋದ ಹಾಡು ಹೊಲದ ಬದುವಿನಲ್ಲಿ, ಕುರಿ ಕಾಯುವಲ್ಲಿ, ಹೆಣ್ಣುಮಕ್ಕಳೇ ನೆರೆದಲ್ಲಿ, ಮಹಿಳಾ ಸಂಶೋಧಕಿಯೊಬ್ಬಳ ಎದುರು ಮರಳುತ್ತದೆಯೇ ಎಂದು ನೋಡಬೇಕು. ಮರಳಿದರೆ ಅಲ್ಲಿ ಮರೆವಿರಲಿಲ್ಲ, ಮೌನವಿತ್ತು ಎಂದಾಗುತ್ತದೆ. ಹಾಜರಿದ್ದ ಹಿರಿಯರ ಒತ್ತಡವನ್ನು ತಗ್ಗಿಸಿದಾಗ ಮಾತು ಸ್ಪಷ್ಟವಾಗುತ್ತದೆಯೇ ಎಂದು ನೋಡಬೇಕು. ಒಬ್ಬನೇ ಗಾಯಕನನ್ನು ಹಲವು ತಂಡಗಳು ಮತ್ತೆ ಮತ್ತೆ ಹಾಡಿಸಿದಾಗ ಅವನು ಸಂಶೋಧಕರಿಗೆ ಬೇಕಾದದ್ದನ್ನೇ ಹಾಡಲು ಕಲಿಯುವ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಮುದಾಯದ ಭಾಷೆಯೇ ಒದಗಿಸುವ ಸೂಚಕಗಳೂ ಇವೆ. 'ಮುಟ್ಟು' ಎಂಬ ಒಂದೇ ಶಬ್ದ ಕನ್ನಡದಲ್ಲಿ ಸ್ಪರ್ಶವನ್ನೂ ಋತುಸ್ರಾವವನ್ನೂ ಸೂಚಿಸುತ್ತದೆ. 'ಹೊರಗಾದಳು', 'ಹೊರಗೆ ಕೂತಳು' ಎಂಬ ಮಾತುಗಳಲ್ಲಿ ದೇಹದ ಸ್ಥಿತಿಗೆ ಜಾಗದ ಹೆಸರೇ ಹೆಸರಾಗಿದೆ. ಗಡಿಯು ನುಡಿಯೊಳಗೇ ಕುಳಿತಿರುವ ಈ ಬಗೆಯನ್ನು ಕೆರೋಟಿನಾಯ್ಡಿನ ಬಣ್ಣದಂತೆ ಒಳಸೂಚಕವೆನ್ನಬಹುದು. ಸಂಗ್ರಾಹಕನ ಪ್ರಶ್ನಾವಳಿಯಿಂದ ದೊರೆತದ್ದನ್ನು ಇಂಥ ನುಡಿಗಟ್ಟುಗಳು ಯಾರ ಬಾಯಲ್ಲಿ ಹೇಗೆ ಬಳಕೆಯಾಗುತ್ತವೆ ಎಂಬುದರೊಂದಿಗೆ ತಾಳೆ ನೋಡದಿದ್ದರೆ ವರದಿ ಏಕಮುಖವಾಗುತ್ತದೆ.

ಇದು ಕೇವಲ ವಿಧಾನದ ಚರ್ಚೆಯಲ್ಲ. 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳ ಪ್ರತಿಬಂಧ ಕಾನೂನು ಮುಟ್ಟಾದ ಹೆಣ್ಣನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದನ್ನು ಅಪರಾಧವೆಂದು ಪರಿಗಣಿಸಿದೆ. ಹಾಗಿದ್ದೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗಿನ ಗುಡಿಸಲಿನಲ್ಲಿ, ಮಳೆ ಚಳಿಯ ದಿನಗಳಲ್ಲಿ, ಬಾಣಂತಿಯೊಂದಿಗಿದ್ದ ಹಸುಗೂಸು ಅಸುನೀಗಿತು. ಹಟ್ಟಿಗಳ ಬಳಿ ಮಹಿಳಾ ಭವನ, ಕೃಷ್ಣ ಕುಟೀರ ಎಂಬ ಹೆಸರುಗಳಲ್ಲಿ ಕಟ್ಟಡಗಳು ನಿರ್ಮಾಣಗೊಂಡಿವೆ. ಗುಡಿಸಲಿಗಿಂತ ಅವು ಸುರಕ್ಷಿತವೆಂಬುದು ನಿಜವಾದರೂ ಗಡಿ ಅಲ್ಲಿಯೇ ಉಳಿಯುತ್ತದೆ.

ಇಂತಹ ಸಂದರ್ಭದಲ್ಲಿ 'ಸಂಪ್ರದಾಯ ಏನು ಹೇಳುತ್ತದೆ' ಎಂಬ ಪ್ರಶ್ನೆ ಬಂದಾಗ ಅಧಿಕಾರಿಗಳೂ ಪತ್ರಕರ್ತರೂ ಸಮುದಾಯದ ಯುವಜನರೂ ಗ್ರಂಥಾಲಯದ ಜಾನಪದ ಸಂಪುಟಗಳತ್ತ ಕೈ ಚಾಚುವುದು ಸಹಜ. ಅಲ್ಲಿ ಹೊರಗಿಡುವ ಕಟ್ಟಳೆ ವಿವರವಾಗಿ ಸಿಕ್ಕಿ, ಹೊರಗೆ ಕುಳಿತವಳ ಮಾತು ಸಿಗದೆ ಹೋದರೆ ಕಟ್ಟಳೆಯು ಎಲ್ಲರ ಒಮ್ಮತವೆಂಬಂತೆ ತೋರುತ್ತದೆ. ಆ ಗುಡಿಸಲಿನಲ್ಲಿ ಏನು ಮಾತನಾಡುತ್ತಾರೆ, ಏನನ್ನು ಹಾಡುತ್ತಾರೆ, ಯಾವುದಕ್ಕೆ ಅಂಜುತ್ತಾರೆ, ಯಾವುದನ್ನು ನೋಡಿ ನಗುತ್ತಾರೆ ಎಂಬುದು 16ನೆಯ ಇಂಗಾಲದ ವರದಿ. ಅದಿಲ್ಲದೆ ಪೊರೆಯ ಚಿತ್ರ ಪೂರ್ಣವಾಗದು.

7. ಹೋಲಿಕೆಯ ಮಿತಿ

ಮೇಲಿನ ಹೋಲಿಕೆಗೆ ಮಿತಿಯಿದೆ. ಬ್ಯಾಕ್ಟೀರಿಯಾ ತನ್ನನ್ನು ಒಡೆದವರನ್ನು ಪ್ರಶ್ನಿಸುವುದಿಲ್ಲ. ಹಟ್ಟಿಯ ಜನ ಪ್ರಶ್ನಿಸುತ್ತಾರೆ, ಪ್ರಶ್ನಿಸಬೇಕು. ಸಮುದಾಯಗಳನ್ನು ಮಾದರಿ ಜೀವಿಗಳಂತೆ ಅಳೆದ ಚರಿತ್ರೆ ವಸಾಹತು ಕಾಲದ ಜನಾಂಗ ವಿವರಣೆಗಳಲ್ಲಿದೆ. ಪ್ರಯೋಗಾಲಯದ ರೂಪಕವನ್ನು ಬಳಸುವಾಗ ಆ ಚರಿತ್ರೆಯನ್ನು ಮರೆಯುವಂತಿಲ್ಲ. ಹೊರಗೆ ಕುಳಿತ ಹೆಣ್ಣಿನ ಮಾತು ಬೇಕೆಂದು ಅವಳ ಏಕಾಂತಕ್ಕೆ ಧ್ವನಿಮುದ್ರಕವನ್ನು ಒಯ್ಯುವುದೂ ಇನ್ನೊಂದು ಬಗೆಯ ಬಲವಂತವಾದೀತು. ಅವಳ ಒಪ್ಪಿಗೆ ಇಲ್ಲದ ದಾಖಲೆಗಿಂತ ಅವಳ ಮೌನವನ್ನು ಮೌನವೆಂದೇ ಗುರುತಿಸಿದ ದಾಖಲೆ ಮೇಲು.

ಇನ್ನೂ ಒಂದು ಭೇದವಿದೆ. ಸ್ಪಿನ್ ಲೇಬಲ್ಲಿಗೆ ತನ್ನ ನೆಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ; ಸಂಶೋಧಕನು ಅದನ್ನು ಇಟ್ಟಲ್ಲಿ ಅದಿರುತ್ತದೆ. ಸಂಗ್ರಾಹಕನಿಗೆ ಆ ಸ್ವಾತಂತ್ರ್ಯ ಸ್ವಲ್ಪಮಟ್ಟಿಗಾದರೂ ಇದೆ. ಆದ್ದರಿಂದ ಅವನ ನೆಲೆ ಕೇವಲ ತಾಂತ್ರಿಕ ವಿವರವಾಗದೆ ನೈತಿಕ ಹೊಣೆಯೂ ಆಗುತ್ತದೆ. ಹಟ್ಟಿಯಲ್ಲಿಯೇ ಹುಟ್ಟಿ ಓದಿ ಸಂಶೋಧನೆಗೆ ಬರುವ ಹೆಣ್ಣುಮಕ್ಕಳ ಬರವಣಿಗೆಯು ಈ ಹೋಲಿಕೆಯನ್ನೇ ಮೀರುತ್ತದೆ. ಅಲ್ಲಿ ಗುರುತೂ ಪೊರೆಯೂ ಬೇರೆಯಾಗಿ ಉಳಿಯುವುದಿಲ್ಲ.

8. ಸಮಾರೋಪ

ಜಾನಪದ ಸಂಗ್ರಹವು ವೈಜ್ಞಾನಿಕವಾಗಬೇಕೆಂಬ ಹಂಬಲ ತಪ್ಪಲ್ಲ. ಸಂಗ್ರಾಹಕನು ಕಾಣದಿರುವುದೇ ವಿಜ್ಞಾನವೆಂದು ತಿಳಿದದ್ದು ಮಾತ್ರ ತಪ್ಪು. ಸ್ಪಿನ್ ಲೇಬಲ್ ವಿಧಾನವು 1965ರಿಂದ ಇಂದಿನವರೆಗೆ ಬೆಳೆದು ಬಂದದ್ದು ತನ್ನ ಗುರುತನ್ನು ಅಡಗಿಸಿಟ್ಟು ಬೆಳೆದದ್ದಲ್ಲ. ಅದು ಎಲ್ಲಿ ಕುಳಿತಿದೆ, ಏನನ್ನು ಕದಡಿದೆ, ಎಲ್ಲಿ ಮೌನವಾಗಿದೆ ಎಂಬುದನ್ನು ಲೆಕ್ಕವಿಟ್ಟು ಬೆಳೆದದ್ದು. ಚಿತ್ರದುರ್ಗ ಸೀಮೆಯ ಸಂಗ್ರಹಗಳ ಮುಂದಿನ ಆವೃತ್ತಿಗಳಲ್ಲಿ ಪ್ರತಿ ಪಠ್ಯದ ಜೊತೆಗೆ ಅದನ್ನು ಹಾಡಿದ ಜಾಗ, ಕೇಳಿದವರು, ನಿಂತುಹೋದ ಸ್ಥಳ ಮತ್ತು ಸಂಗ್ರಾಹಕನ ನೆಲೆ ಎಂಬ ನಾಲ್ಕು ವಿವರಗಳನ್ನು ಸೇರಿಸಿದರೂ ದೊಡ್ಡ ಉಪಕಾರವಾಗುತ್ತದೆ. ಹಳೆಯ ಧ್ವನಿಮುದ್ರಿಕೆಗಳನ್ನು ಮತ್ತೆ ಆಲಿಸಿ, ಅಚ್ಚಿನಲ್ಲಿ ಬಿಟ್ಟುಹೋದ ಕೆಮ್ಮು, ಪಿಸುಮಾತು ಮತ್ತು ತಡೆಗಳನ್ನು ಗುರುತಿಸುವ ಕೆಲಸವನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಗೆತ್ತಿಕೊಳ್ಳಬಹುದು. ಹಟ್ಟಿಯ ಬೇಲಿಯ ಬಗ್ಗೆ ಇದುವರೆಗೆ ಹೆಚ್ಚಾಗಿ ಕೇಳಿಬಂದದ್ದು ಒಳಗಿನವರ ಮಾತು. ಬೇಲಿಯಾಚೆಯ ಗುಡಿಸಲಿನ ಮಾತೂ ಆ ಸಂಪುಟಗಳ ಪುಟಗಳಲ್ಲಿ ಸೇರಿದಾಗಲೇ ಅವುಗಳನ್ನು ಹಟ್ಟಿಯ ದಾಖಲೆಗಳೆಂದು ಕರೆಯುವುದು ಸರಿಯಾದೀತು.